ಪರಸ್ಥಳದಲ್ಲಿ ನಮ್ಮ ನಡೆ



ಕಬ್ಬು ಕಾರ್ಖಾನೆ ಸೇರಿ, ಜೋಳ-ಕಡಲೆಯ ರಾಶಿ ಮುಗಿದು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಎರಡು ದಿನ ಎಲ್ಲಿಗಾದರೂ ಹೋಗಿ ಬರಬೇಕೆಂಬ ಆಸೆ ಈಗ ಎಲ್ಲ ಮನೆಗಳಲ್ಲಿಯೂ ಇದೆ. ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುತ್ತಿದ್ದರು; ನಾವು ಟೆಂಪೊ ಗೊತ್ತು ಮಾಡಿಕೊಂಡು ಗೋವಾಕ್ಕೆ ಹೋಗುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಮಣ್ಣಿನಲ್ಲಿಯೋ ಅಂಗಡಿಯ ಗಾದಿಯ ಮೇಲೆಯೋ ದುಡಿದ ಜೀವಕ್ಕೆ ಕಡಲು ಕಂಡರೆ ಹಗುರಾಗುತ್ತದೆ. ಜಂಗಮ ಎಂಬ ಮಾತಿಗೇ ಚಲಿಸುವುದು ಎಂದು ಅರ್ಥವಿರುವಾಗ, ಊರು ಬಿಟ್ಟು ಕದಲಬೇಡಿರೆಂದು ಹೇಳುವವರು ನಾವಲ್ಲ.

ಆದರೆ ಪ್ರವಾಸದಿಂದ ಬಂದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕ ಹೊಂದದೆ ಉಳಿದಿದೆ. ನಾನು ಪಂಡಿತನಲ್ಲ. ಬಿ.ಕಾಂ. ಓದಿ, ಮಠದ ಕಾರ್ಯದರ್ಶಿಯಾಗಿ ಜಮಾ-ಖರ್ಚು ಬರೆದುಕೊಂಡು ಬಂದವನು. ಲೆಕ್ಕ ಹೊಂದದಿದ್ದರೆ ರಾತ್ರಿ ನಿದ್ದೆ ಹತ್ತದು. ಪೂಜ್ಯ ಶ್ರೀಗಳ ಮುಂದೆ ಈ ಸಂಗತಿ ಅರಿಕೆ ಮಾಡಿಕೊಂಡಾಗ ಅವರು, “ಅದನ್ನೇ ಬರೆಯಿರಿ” ಎಂದು ಅಪ್ಪಣೆ ಮಾಡಿದರು. ಆದ್ದರಿಂದ ಬರೆಯುತ್ತಿದ್ದೇನೆ. ವಿಚಾರ ಮಾಡಬೇಕಾದ ಪ್ರಶ್ನೆ ಇಷ್ಟೇ: ಯಾರೂ ನಮ್ಮ ಗುರುತು ಹಿಡಿಯದ ಊರಿನಲ್ಲಿ, ಬಾಡಿಗೆ ಕೊಟ್ಟು ಉಳಿದುಕೊಂಡಾಗ, ಅಲ್ಲಿಯವರಿಗೆ ನಾವು ಕೊಡಬೇಕಾದದ್ದು ಬಿಲ್ಲಿನಲ್ಲಿ ಬರೆದ ಹಣ ಮಾತ್ರವೇ?

ಮೊದಲು ನಡೆದದ್ದನ್ನು ಹೇಳುತ್ತೇನೆ.

ಕಳೆದ ಮಾಘ ಮಾಸದಲ್ಲಿ ನಮ್ಮ ಭಕ್ತರು 17 ಮಂದಿ ಗೋವಾಕ್ಕೆ ಹೋಗಿದ್ದೆವು. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಾಟು ಇಳಿದು, ಸಾಖಳಿಯ ಮೇಲೆ ಹಾಯ್ದು ಮಧ್ಯಾಹ್ನಕ್ಕೆ ಪಣಜಿ ಮುಟ್ಟಿದೆವು. ಕೋಣೆ ಗೊತ್ತುಪಡಿಸುವ ಜವಾಬ್ದಾರಿ ನನ್ನದು. ಒಂದು ಸಾಧಾರಣ ಲಾಡ್ಜಿನಲ್ಲಿ 4 ಕೋಣೆ ಹಿಡಿದೆ. ಕೋಣೆಗೆ ಮೂವರಂತೆ 12 ಮಂದಿಗೆ ಅವಕಾಶ. ಹೆಚ್ಚಿನವರಿಗೆ ತಲೆಗೆ ದಿನಕ್ಕೆ 400 ರೂಪಾಯಿ ಬೇರೆ. ನಾನು ನೋಂದಣಿ ಪುಸ್ತಕದಲ್ಲಿ 12 ಹೆಸರು ಬರೆದು, 12 ಆಧಾರ್ ಕಾರ್ಡಿನ ನಕಲು ಕೊಟ್ಟೆ. ಉಳಿದ 5 ಮಂದಿ ಯಾರನ್ನೋ ಭೇಟಿಯಾಗಲು ಬಂದವರಂತೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಎರಡು ರಾತ್ರಿಗೆ 4,000 ರೂಪಾಯಿ ಉಳಿಯಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ‘ಕಾರ್ಯದರ್ಶಿ ಅಂದರೆ ಹೀಗಿರಬೇಕು’ ಎಂದರು. ನಾನೂ ಉಬ್ಬಿದೆ.

ರಾತ್ರಿ ಹಾಸಿಗೆ ಸಾಲಲಿಲ್ಲ. ಮಹಡಿಯ ಕೆಲಸ ನೋಡಿಕೊಳ್ಳುವ ಹುಡುಗ ನಮ್ಮ ಮಾತು ಕೇಳಿ ಬಾಗಿಲಲ್ಲಿ ನಿಂತು, “ಯಾವ ಊರ್ರಿ ಕಾಕಾರ ನಿಮ್ಮದು?” ಎಂದ. ವಿಚಾರಿಸಿದರೆ ಅವನೂ ನಮ್ಮ ಕಡೆಯವನೇ, ರಾಮದುರ್ಗ ತಾಲೂಕಿನವನು. ತಂದೆಗೆ ಎರಡು ಎಕರೆ ಒಣಬೇಸಾಯ. ಇಲ್ಲಿಗೆ ಬಂದು ನಾಲ್ಕು ವರ್ಷವಾಗಿದೆ. ಅವನು ತಾನಾಗಿಯೇ ಹೋಗಿ ಐದು ಚಾಪೆ, ಐದು ಚಾದರ, ಐದು ಟವೆಲ್ ತಂದು ಹಾಕಿದ. “ಐದ ಮಂದಿ ಹೆಚ್ಚಿಗಿ ಅದೀರಿ ಅಂತ ನನಗ ಗೊತ್ತೈತ್ರಿ. ಇರಲಿ, ನಮ್ಮ ಕಡೇದವರು” ಎಂದು ನಕ್ಕ. ನಾವೂ ನಕ್ಕೆವು.

ಮೂರನೆಯ ದಿನ ಮುಂಜಾನೆ ಗಂಟು ಕಟ್ಟುವಾಗ ಅವನು ಎಣಿಸಲು ಬಂದ. 15 ಟವೆಲ್ ಇದ್ದವು. “ಕಾಕಾರ, ಎರಡ ಕಮ್ಮಿ ಬೀಳ್ತಾವ್ರಿ.” ನಾನು ಎಲ್ಲರನ್ನೂ ಕೇಳಿದೆ. ಯಾರೂ ಮಾತನಾಡಲಿಲ್ಲ. ಒಬ್ಬರು ಮಾತ್ರ, “ಇಷ್ಟ ಬಾಡಿಗಿ ಕೊಟ್ಟೀವಿ, ಎರಡ ಟವೆಲ್‌ನ್ಯಾಗ ಅವರ ಆಸ್ತಿ ಹೋಗತೈತೇನು?” ಎಂದರು. ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದ: “ಪುಸ್ತಕದಾಗ ಹನ್ನೆರಡ ಮಂದಿಗಿ ಹನ್ನೆರಡ ಐತ್ರಿ. ಉಳಿದ ಐದ ನಾ ಯಾರನ್ನೂ ಕೇಳದ ತಂದೇನಿ. ಈಗ ಕಮ್ಮಿ ಬಂದದ್ದ ಯಾರ ಹೆಸರಿಗೆ ಹೇಳ್ಲಿ? ನನ್ನ ಪಗಾರದಾಗ ಮುರಕೋತಾರ್ರಿ.”

ನಾನು 600 ರೂಪಾಯಿ ಅವನ ಕೈಗೆ ಕೊಟ್ಟೆ. ಅವನು ಮೊದಲು ಒಲ್ಲೆನೆಂದ, ಆಮೇಲೆ ತೆಗೆದುಕೊಂಡ. ಗಾಡಿ ಘಾಟು ಏರುವವರೆಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಟವೆಲ್ ಯಾರ ಚೀಲದಲ್ಲಿತ್ತೋ ನನಗೆ ಇಂದಿಗೂ ತಿಳಿಯದು, ತಿಳಿಯಲು ನಾನು ಪ್ರಯತ್ನಿಸಿಯೂ ಇಲ್ಲ. ಯಾಕೆಂದರೆ ಆ ಮಾತು ಕೇಳುವ ಅಧಿಕಾರ ನನಗಿರಲಿಲ್ಲ. ಟವೆಲ್ ಒಯ್ದವರು ಎರಡು ಟವೆಲ್ ಕದ್ದರು. ಪುಸ್ತಕದಲ್ಲಿ 17ಕ್ಕೆ 12 ಬರೆದು ಆ ಹುಡುಗನ ಬಾಯಿ ಕಟ್ಟಿದವನು ನಾನು. ನಾನು 17 ಎಂದು ಬರೆದಿದ್ದರೆ ಅವನು 17 ಟವೆಲ್‌ಗಳನ್ನು ರಾಜಾರೋಷವಾಗಿ ತರುತ್ತಿದ್ದ, ಕಮ್ಮಿ ಬಿದ್ದರೆ ನಮ್ಮ ಬಿಲ್ಲಿಗೆ ಹಾಕಿಸುತ್ತಿದ್ದ.

ಇನ್ನು ಪ್ರಶ್ನೆಗೆ ಬರೋಣ. ‘ರೊಕ್ಕ ಕೊಟ್ಟಿದ್ದೇವೆ’ ಎಂಬುದು ನಮ್ಮೆಲ್ಲರ ಬಾಯಲ್ಲಿ ಬರುವ ಮಾತು. ಇದನ್ನು ಸೂಕ್ಷ್ಮವಾಗಿ ನೋಡಬೇಕು. ರಸ್ತೆ ಬದಿಯಲ್ಲಿ ಹೊಲವಿರುವ ರೈತ ಬಾಂಧವರಿಗೆ ಇದು ಬೇಗ ತಿಳಿಯುತ್ತದೆ. ಹಾದು ಹೋಗುವವನು ಗಾಡಿ ನಿಲ್ಲಿಸಿ ಒಂದು ಗಳ ಕಬ್ಬು ಮುರಿದುಕೊಳ್ಳುತ್ತಾನೆ. ಕೇಳಿದರೆ, ‘ಒಂದು ಗಳಕ್ಕೆ ಏನಾಗುತ್ತದೆ?’ ಎನ್ನುತ್ತಾನೆ. ಅವನಿಗೆ ಅದು ಒಂದೇ ಗಳ. ಹೊಲದವನಿಗೆ ದಿನಕ್ಕೆ ನೂರು ಕೈ. ವ್ಯಾಪಾರಸ್ಥರಿಗೂ ಇದು ಗೊತ್ತಿದ್ದದ್ದೇ. ಗಿರಾಕಿ ಬಂದು ಹತ್ತು ಸೀರೆ ಬಿಚ್ಚಿಸಿ, ಕೆಳಗೆ ಎಳೆದಾಡಿ, ಒಂದನ್ನು ಕೊಂಡು, ‘ರೊಕ್ಕ ಕೊಟ್ಟಿಲ್ಲವೇ?’ ಎಂದರೆ ನಮಗೆ ಸಿಟ್ಟು ಬರುತ್ತದೋ ಇಲ್ಲವೋ? ಅವನು ಕೊಟ್ಟದ್ದು ಒಂದು ಸೀರೆಯ ಹಣ. ಒಂಬತ್ತು ಸೀರೆ ಹಾಳು ಮಾಡುವ ಹಕ್ಕಿನ ಹಣವಲ್ಲ.

ಹಾಗೆಯೇ ನಾವು ಲಾಡ್ಜಿನವನಿಗೆ ಕೊಡುವುದು ಒಂದು ಕೋಣೆಯನ್ನು ಇಷ್ಟು ಮಂದಿ ಇಷ್ಟು ದಿನ ಬಳಸುವ ಹಣ. ಅದರಾಚೆಗೆ ನಾವು ತೆಗೆದುಕೊಂಡದ್ದೆಲ್ಲವೂ ಯಾರೋ ಒಬ್ಬರ ಲೆಕ್ಕಕ್ಕೆ ಬೀಳುತ್ತದೆ. ಬಚ್ಚಲಿನ ನಳ ಬಿಟ್ಟು ಹೋದರೆ, ಹಾಸಿಗೆಯ ಮೇಲೆ ಚಟ್ನಿಯ ಎಣ್ಣೆ ಬಿದ್ದರೆ, ಗೋಡೆಗೆ ಎಲೆ-ಅಡಿಕೆಯ ಉಗುಳು ಹತ್ತಿದರೆ, ಅದು ಮಾಲಕನ ಲೆಕ್ಕಕ್ಕೆ ಬೀಳುತ್ತದೆಂದು ನಾವು ತಿಳಿದಿರುತ್ತೇವೆ. ಅಲ್ಲ. ಜೋಳಿಗೆ ತೂತಾದರೆ ಕಾಳು ಸುರಿಯುವುದು ಎಲ್ಲಕ್ಕಿಂತ ಕೆಳಗೆ. ಮಾಲಕನು ಮ್ಯಾನೇಜರನನ್ನು ಕೇಳುತ್ತಾನೆ, ಮ್ಯಾನೇಜರನು ಹುಡುಗನನ್ನು ಕೇಳುತ್ತಾನೆ, ಹುಡುಗನು ಕೇಳಲು ಯಾರೂ ಉಳಿದಿರುವುದಿಲ್ಲ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಮಠದ ದಾಸೋಹದಲ್ಲಿ ನಾವು ಒಂದು ಪೈಸೆ ಕೊಡುವುದಿಲ್ಲ. ಆದರೂ ಒಂದಗುಳು ಚೆಲ್ಲದೆ ಉಂಡು, ತಟ್ಟೆ ತೊಳೆದಿಟ್ಟು, ಕೂತ ಜಾಗ ಒರೆಸಿ ಏಳುತ್ತೇವೆ. ಅದೇ ನಾವು, ಅದೇ ಕೈ, ಹಣ ಕೊಟ್ಟ ಕೋಣೆಯಲ್ಲಿ ಹೊಲಸು ಮಾಡಿ ಬರುತ್ತೇವೆ. ಪುಕ್ಕಟೆ ಸಿಕ್ಕ ಕಡೆಯಲ್ಲಿ ವಿನಯ, ಹಣ ಕೊಟ್ಟ ಕಡೆಯಲ್ಲಿ ದರ್ಪ! ಹಾಗಾದರೆ ಮಠದಲ್ಲಿ ತೊಳೆದದ್ದು ಭಕ್ತಿಯಿಂದಲೋ, ನಾಲ್ಕು ಮಂದಿ ನೋಡುತ್ತಾರೆ ಎಂಬುದರಿಂದಲೋ? ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಹಿತವಾಗಿಲ್ಲ.

ಊರಲ್ಲಿ ನಮ್ಮನ್ನು ಹಿಡಿದಿಡುವುದು ಬಹುಮಟ್ಟಿಗೆ ನಾಚಿಕೆ. ಇಂಥವರ ಮಗ, ಇಂಥವರ ಸೊಸೆ, ಇಂಥ ಅಂಗಡಿಯವನು ಎಂದು ಎಲ್ಲರಿಗೂ ಗೊತ್ತು. ಸೀಮೆ ದಾಟಿದ ಕೂಡಲೇ ಆ ದಾವಣಿ ಕಳಚುತ್ತದೆ. ಊರಲ್ಲಿ ಇಸ್ಪೀಟು ಮುಟ್ಟದವರು ಪಣಜಿಯಲ್ಲಿ ಮಾಂಡವಿ ಹೊಳೆಯಲ್ಲಿ ನಿಂತ ಜೂಜಿನ ಹಡಗು ಹತ್ತುತ್ತಾರೆ. ಒಂದು ಸಂಗತಿ ತಮಗೆ ತಿಳಿದಿರಲಿ: 2020ರ ಫೆಬ್ರುವರಿಯಿಂದ ಗೋವಾ ಸರಕಾರವು ತನ್ನ ನಾಡಿನ ಜನ ಆ ಜೂಜಿನ ಮನೆಗಳಿಗೆ ಹೋಗುವುದನ್ನು ನಿಷೇಧಿಸಿದೆ. ಹೊರಗಿನಿಂದ ಬರುವ ನಮ್ಮಂಥವರಿಗೆ ಮಾತ್ರ ಬಾಗಿಲು ತೆರೆದಿದೆ. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ಪರರ ಮಕ್ಕಳಿಗೆ ಬಡಿಸುವುದು ಸರಿಯೇ ಎಂದು ಅವರನ್ನು ಕೇಳಬಹುದು. ಆದರೆ ಅವರು ಬಡಿಸಿದ್ದನ್ನು ಉಣ್ಣಲೇಬೇಕೆಂದು ನಮಗೆ ಯಾರು ಹೇಳಿದ್ದಾರೆ? ಕಬ್ಬಿನ ಬಿಲ್ಲು ಕೈಗೆ ಬರುವ ಮೊದಲೇ ಅದರಲ್ಲಿ ಸೊಸೈಟಿಯ ಸಾಲ, ಗೊಬ್ಬರದ ಅಂಗಡಿಯ ಉದ್ದರಿ, ಮಕ್ಕಳ ಶಾಲೆಯ ಫೀ ಎಲ್ಲವೂ ಕೂತಿರುತ್ತವೆ. ಅಲ್ಲಿ ಯಾರೂ ನೋಡಲಿಲ್ಲ ಎಂಬುದು ನಿಜ. ಆದರೆ ಮನೆಯಲ್ಲಿ ಲೆಕ್ಕ ತಪ್ಪುತ್ತದೆಯಲ್ಲ!

ಅದಿರಲಿ, ಅಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ ಎಂಬುದಾದರೂ ನಿಜವೇ? ನನ್ನ ಹೆಸರು ಗೊತ್ತಿಲ್ಲದಿರಬಹುದು. ಆದರೆ ಗಾಡಿಯ ಮೇಲೆ ಕೆ.ಎ. 22, 23, 24, 49 ಎಂದು ಬರೆದಿರುತ್ತದೆ. ಬಾಯಿ ತೆರೆದರೆ ಕನ್ನಡ ಬರುತ್ತದೆ. ಹಣೆಯ ಮೇಲೆ ವಿಭೂತಿ ಇರುತ್ತದೆ. ಘಟ್ಟದ ಮೇಲಿನಿಂದ ಬಂದವರಿಗೆ ಗೋವಾದ ಕೆಲವರು ಹಗುರಾಗಿ ‘ಘಾಂಟಿ’ ಎನ್ನುವುದುಂಟು. ಆ ಮಾತು ಒಳ್ಳೆಯದಲ್ಲ. ಆದರೆ ಅದು ಯಾರ ಕಿವಿಗೆ ಬೀಳುತ್ತದೆ ಎಂಬುದನ್ನು ವಿಚಾರಿಸಿರಿ. ನಾವು ಎರಡು ದಿನ ಇದ್ದು ಗಾಡಿ ಏರಿ ಬರುತ್ತೇವೆ. ಅದನ್ನು ದಿನಾಲು ಕೇಳುವವರು ಅಲ್ಲಿ ಉಳಿದ ನಮ್ಮವರು.

ಗೋವಾ ನಮಗೆ ಪರದೇಶವೇನಲ್ಲ. ಗೋವೆಯ ಕದಂಬರು ನಮ್ಮ ಖಾನಾಪುರ ತಾಲೂಕಿನ ಹಲಸಿಯಿಂದಲೂ ಆಳಿದರು. ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿ 12ನೆಯ ಶತಮಾನದಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದವಳು ಗೋವೆಯ ಕದಂಬ ದೊರೆ ಪೆರ್ಮಾಡಿಯ ರಾಣಿ ಕಮಲಾದೇವಿ. ಇಂದಿಗೂ ಗೋವಾದ ಸರಕಾರಿ ಬಸ್ಸಿನ ಹೆಸರು ‘ಕದಂಬ’ ಎಂದೇ ಇದೆ. ಆ ನಂತರ ಪೋರ್ಚುಗೀಸರ ಆಳ್ವಿಕೆಯಲ್ಲಿ ನಡುವೆ ಗಡಿ ಬಂತು; ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಗಂಟು ಬಿಚ್ಚಿ ತೋರಿಸಬೇಕಾಗಿದ್ದ ಕಾಲವನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಅಲ್ಲಿಂದ ಈಚೆಗೆ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಬಡವರು ಬರ ಬಿದ್ದಾಗಲೆಲ್ಲ ಘಟ್ಟ ಇಳಿದರು. ಬಂದರಿನಲ್ಲಿ ಹಮಾಲಿ, ಗಣಿಯಲ್ಲಿ ಕೂಲಿ, ಕಟ್ಟಡದಲ್ಲಿ ಗಾರೆ, ಲಾಡ್ಜಿನಲ್ಲಿ ಕಸಬರಿಗೆ ಹಿಡಿದರು. 2011ರ ಜನಗಣತಿಯಂತೆ ಗೋವಾದ ಸುಮಾರು 14.58 ಲಕ್ಷ ಜನರಲ್ಲಿ ನೂರಕ್ಕೆ ನಾಲ್ಕೂವರೆಗಿಂತ ಹೆಚ್ಚು ಮಂದಿಯ ಮನೆಮಾತು ಕನ್ನಡ.

ಇವರ ಬಾಳು ಸುಲಭವಲ್ಲ. ವಾಸ್ಕೊದ ಬೈನಾ ತೀರದಲ್ಲಿ 2004ರ ಜೂನ್‌ನಲ್ಲಿ ಮಳೆಗಾಲದ ಬಾಯಿಗೆ ಮನೆಗಳನ್ನು ಕೆಡವಿದಾಗ ಬೀದಿಗೆ ಬಂದವರಲ್ಲಿ ಕನ್ನಡಿಗರೂ ಇದ್ದರು. 2025ರ ಡಿಸೆಂಬರ್‌ನಲ್ಲಿ ಅರಪೋರಾದ ಒಂದು ರಾತ್ರಿ ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮೋಜಿಗೆ ಬಂದವರಲ್ಲ, ಬೇರೆ ಬೇರೆ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಅಲ್ಲಿ ದುಡಿಯುತ್ತಿದ್ದವರು. ಆ ಸುದ್ದಿ ಓದಿದ ಮೇಲೂ ನಾನು ಎರಡು ತಿಂಗಳು ಕಳೆಯುವುದರೊಳಗೆ ಒಂದು ಲಾಡ್ಜಿನ ಪುಸ್ತಕದಲ್ಲಿ ಸುಳ್ಳು ಬರೆದೆ. ನೋಂದಣಿ ಪುಸ್ತಕ ಪೊಲೀಸರಿಗಾಗಿ ಮಾತ್ರ ಎಂದು ತಿಳಿದಿದ್ದೆ. ಅಪಘಾತವಾದರೆ ಒಳಗಿನಿಂದ ಎಷ್ಟು ಜೀವ ಹೊರಗೆ ಬರಬೇಕು ಎಂಬ ಲೆಕ್ಕವೂ ಅದೇ. ಪುಸ್ತಕದಲ್ಲಿಲ್ಲದ ಐವರನ್ನು ಯಾರು ಹುಡುಕುತ್ತಿದ್ದರು?

ಈಗ ಊಟದ ಮಾತು. ನಾವು ಶಾಕಾಹಾರಿಗಳು, ಕಡಲ ಊರಿನಲ್ಲಿ ಉಣ್ಣಲು ಸಿಗದು ಎಂದು ಸ್ಟೋವು, ಸಿಲಿಂಡರು, ಪಾತ್ರೆ ಕಟ್ಟಿಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ರಸ್ತೆ ಬದಿ, ಕಡಲ ದಂಡೆ, ಕೆಲವೊಮ್ಮೆ ಲಾಡ್ಜಿನ ಕೋಣೆಯಲ್ಲಿಯೇ ಒಲೆ ಹೂಡುತ್ತೇವೆ. ಗೋವಾ ಸರಕಾರ 2019ರಲ್ಲಿ ಕಾಯಿದೆ ತಿದ್ದುಪಡಿ ಮಾಡಿ, ಪ್ರವಾಸಿ ಸ್ಥಳಗಳಲ್ಲಿ ಬಯಲಲ್ಲಿ ಅಡಿಗೆ ಮಾಡುವುದು, ಕುಡಿಯುವುದು, ಬಾಟಲಿ ಒಡೆಯುವುದು ಇವಕ್ಕೆ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡ ಇಟ್ಟಿತು. ಆಮೇಲೆ ಅದನ್ನು ಇನ್ನೂ ಏರಿಸಲಾಗಿದೆ. ಕುಡಿದು ಬಾಟಲಿ ಒಡೆಯುವವರ ಸಾಲಿನಲ್ಲಿಯೇ ನಮ್ಮ ಅನ್ನ-ಸಾರಿನ ಒಲೆಯನ್ನೂ ಸೇರಿಸಿದ್ದಾರೆಂದು ಬೇಸರಪಡಬೇಕಾಗಿಲ್ಲ. ನಮ್ಮ ಹೊಲದ ಬದುವಿನಲ್ಲಿ ದಿನಕ್ಕೆ ನಾಲ್ಕು ಬಸ್ಸಿನ ಜನ ಇಳಿದು ಅಡಿಗೆ ಮಾಡಿ, ಮುಸುರೆ ಚೆಲ್ಲಿ ಹೋದರೆ ನಾವು ಸುಮ್ಮನಿರುತ್ತಿದ್ದೆವೇ? ಶಾಕಾಹಾರ ನಮ್ಮ ನೇಮ ಸರಿ. ಆ ನೇಮದ ಮುಸುರೆ ಬೇರೆಯವರ ಅಂಗಳದಲ್ಲಿ ಬೀಳಬಾರದು. ಪಣಜಿ, ಮಡಗಾಂವ, ಮಾಪುಸಾಗಳಲ್ಲಿ ಶಾಕಾಹಾರಿ ಖಾನಾವಳಿಗಳು ಸಾಕಷ್ಟಿವೆ. ಕಟಗ ರೊಟ್ಟಿ, ಶೇಂಗಾ ಚಟ್ನಿ ಗಂಟಿನಲ್ಲಿದ್ದರೆ ಒಂದು ಹೊತ್ತು ಅದರಲ್ಲಿಯೇ ನಡೆಯುತ್ತದೆ. ರೊಟ್ಟಿಗೆ ಒಲೆ ಬೇಕಿಲ್ಲ.

ಎರಡನೆಯ ದಿನ ನಾವು ಹಳೆ ಗೋವಾ ನೋಡಿಕೊಂಡು ದಿವಾಡಿ ನಡುಗಡ್ಡೆಗೆ ಹೋದೆವು. ಅಲ್ಲಿಗೆ ಹೋಗುವ ಸರಕಾರಿ ಫೆರಿಯಲ್ಲಿ ನಡೆದು ಬರುವವರಿಗೆ ಟಿಕೆಟ್ ಇಲ್ಲ. ಪುಕ್ಕಟೆ ದೋಣಿಯಲ್ಲಿ ನಿಂತು ನಮ್ಮವರು ಶೇಂಗಾ ತಿಂದು ಸಿಪ್ಪೆಯನ್ನು ಹೊಳೆಗೆ ಎಸೆದರು. ನೀರಿನ ಪ್ಯಾಕೆಟ್ಟನ್ನೂ ಎಸೆದರು. ಅದು ಯಾವ ಹೊಳೆ? ಅಲ್ಲಿಯವರು ಮಾಂಡವಿ ಎನ್ನುತ್ತಾರೆ. ನಾವು ಮಹಾದಾಯಿ ಎನ್ನುತ್ತೇವೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿದ ಹೊಳೆ ಅದು. ಹೋಗುವಾಗ ದಾಟಿದ ಕಣಕುಂಬಿಯಲ್ಲಿ ಬಿದ್ದ ಮಳೆಯೇ ಒಂದು ಕಡೆ ಮಲಪ್ರಭೆಯಾಗಿ ನಮ್ಮ ಸೀಮೆಗೆ ಹರಿಯುತ್ತದೆ, ಇನ್ನೊಂದು ಕಡೆ ಕಳಸಾ ಹಳ್ಳವಾಗಿ ಮಹಾದಾಯಿ ಸೇರುತ್ತದೆ. ಆ ನೀರಿನ ಹಂಚಿಕೆಗಾಗಿ ನಾವು ರಸ್ತೆಗಿಳಿದು ಹೋರಾಡಿದ್ದೇವೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟ ಮೇಲೂ ವ್ಯಾಜ್ಯ ನಿಂತಿಲ್ಲ. ನ್ಯಾಯ ಕೇಳುವುದು ನಮ್ಮ ಹಕ್ಕು. ಆದರೆ ಯಾವ ನೀರಿಗಾಗಿ ಕಣ್ಣೀರು ಹಾಕಿದ್ದೇವೆಯೋ ಅದೇ ನೀರಿಗೆ ಪ್ಲಾಸ್ಟಿಕ್ ಹಾಕುವಾಗ ನಮ್ಮ ಕೈ ನಡುಗಲಿಲ್ಲ. ದೋಣಿಯಲ್ಲಿ ಬಿದ್ದ ಸಿಪ್ಪೆಯನ್ನು ಗುಡಿಸಲು ಒಬ್ಬ ಖಲಾಸಿ ಬಂದ. ಅವನು ಒಂದು ಮಾತೂ ಆಡಲಿಲ್ಲ. ನಮ್ಮನ್ನು ನೋಡಿದ, ಅಷ್ಟೇ.

ಊರೊಳಗೆ ತಿರುಗಾಡುವ ವಿಷಯದಲ್ಲಿಯೂ ಎರಡು ಮಾತು. ಗೋವಾದಲ್ಲಿ ಬಾಡಿಗೆಯ ಮೋಟಾರ್ ಸೈಕಲ್ ಮೇಲೆ ಹಿಂದೆ ಕೂರಿಸಿಕೊಂಡು ಹೋಗುವವರಿದ್ದಾರೆ. ಅವರಿಗೆ ‘ಪೈಲಟ್’ ಎನ್ನುತ್ತಾರೆ. ಒಬ್ಬಂಟಿಗರಿಗೆ ಅದು ಅನುಕೂಲ. ಕದಂಬ ಬಸ್ಸು, ಖಾಸಗಿ ಬಸ್ಸುಗಳಲ್ಲಿ ಹೋದರೆ ಇನ್ನೂ ಅಗ್ಗ. ತಾವೇ ನಡೆಸಲು ಬೈಕು, ಕಾರು ಬಾಡಿಗೆಗೆ ಹಿಡಿಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಗಾಡಿಯನ್ನೇ ಹಿಡಿಯಬೇಕು. ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾಯಿದೆಗೆ ವಿರುದ್ಧ. ನಾಲ್ಕು ಕಾಸು ಅಗ್ಗವೆಂದು ಅದನ್ನು ಹಿಡಿದು, ಪೊಲೀಸರು ತಡೆದಾಗ ‘ಗೆಳೆಯನ ಗಾಡಿ’ ಎಂದು ಸುಳ್ಳು ಹೇಳುವುದು ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳನ್ನು ಹೇರಿದಂತೆ.

ಚೌಕಾಸಿ ಮಾಡುವುದು ತಪ್ಪೇ ಎಂದು ವ್ಯಾಪಾರಿ ಬಂಧುಗಳು ಕೇಳಬಹುದು. ನನ್ನ ತಿಳಿವಳಿಕೆಯಂತೆ ತಪ್ಪಲ್ಲ. ಹತ್ತುವ ಮೊದಲು ದರ ಕೇಳಿ, ಒಪ್ಪಿಗೆಯಾಗದಿದ್ದರೆ ಬಿಟ್ಟುಬಿಡುವುದು ವ್ಯವಹಾರ. ಇಳಿದ ಮೇಲೆ ದರ ಇಳಿಸಲು ವಾದ ಹೂಡುವುದು ವ್ಯವಹಾರವಲ್ಲ, ಅದು ದುಡಿದವನ ಕೂಲಿ ಕಸಿಯುವುದು. ಆಗ ಅವನ ಶ್ರಮ ಆಗಿಹೋಗಿದೆ. ಮರಳಿ ಪಡೆಯಲು ಅವನಿಂದಾಗದು. ಕಾಯಕಕ್ಕೆ ಬೆಲೆ ಕೊಡುವವರು ಎಂದು ಹೇಳಿಕೊಳ್ಳುವ ನಾವು ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ಹಗಲು ಪೈಲಟ್‌ನ ಸಂಗಡ ಹತ್ತು ರೂಪಾಯಿಗೆ ಜಗಳಾಡಿ, ರಾತ್ರಿ ಜೂಜಿನ ಹಡಗಿನಲ್ಲಿ ಹತ್ತು ಸಾವಿರ ಕಳೆದು ಬಂದವರನ್ನು ನಾನು ಬಲ್ಲೆ. ಹಡಗಿನವನಿಗೆ ಅವರು ಒಂದು ಮಾತೂ ಆಡಲಿಲ್ಲವಂತೆ!

ಬಿಲ್ಲಿನ ವಿಷಯವೂ ಹಾಗೆಯೇ. ‘ಬಿಲ್ಲು ಬೇಡ, ತೆರಿಗೆ ಬಿಟ್ಟು ಹೇಳಿ’ ಎಂದು ಕೇಳುವುದು ನಮ್ಮ ಅಭ್ಯಾಸ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ನಮ್ಮಂಥವರು ಹಿಡಿಯುವ ಕೋಣೆಗಳೆಲ್ಲ ಅದರೊಳಗೇ ಬರುತ್ತವೆ. ಸರಿಯಾದ ಬಿಲ್ಲು ಕೈಯಲ್ಲಿದ್ದರೆ ನಮಗೂ ಒಂದು ಆಧಾರ. ನಾಳೆ ತಕರಾರು ಬಂದರೆ ಕಚ್ಚಾ ಚೀಟಿಯನ್ನು ಯಾರಿಗೆ ತೋರಿಸುವುದು?

‘ಇದೆಲ್ಲ ಸರಿ, ಅವರೇನು ನಮಗೆ ಮೋಸ ಮಾಡುವುದಿಲ್ಲವೇ? ಹೊರಗಿನವರೆಂದು ತಿಳಿದೊಡನೆ ಎರಡು ಪಟ್ಟು ಹೇಳುವುದಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಹೇಳುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ನಮ್ಮ ಸಂತೆಯಲ್ಲಿಯೂ ಇದ್ದಾರೆ. ಆದರೆ ಟ್ಯಾಕ್ಸಿಯವನು ಹೆಚ್ಚು ತೆಗೆದುಕೊಂಡದ್ದಕ್ಕೆ ಲಾಡ್ಜಿನ ಟವೆಲ್ ಒಯ್ದರೆ ಯಾವ ಲೆಕ್ಕ ಹೊಂದಿತು? ಒಬ್ಬನ ಖಾತೆಯ ಬಾಕಿಯನ್ನು ಇನ್ನೊಬ್ಬನ ಖಾತೆಯಿಂದ ವಸೂಲು ಮಾಡಿದಂತಾಯಿತು. ಯಾವ ಲೆಕ್ಕಪರಿಶೋಧಕನೂ ಇದಕ್ಕೆ ಸಹಿ ಹಾಕಲಾರ. ಮೋಸ ಮಾಡಿದವನು ಗಟ್ಟಿಯಿರುತ್ತಾನೆ, ಅವನಿಗೆ ನಾವು ಏನೂ ಮಾಡಲಾರೆವು. ಆ ಸಿಟ್ಟನ್ನು ಮೆತ್ತಗಿದ್ದವನ ಮೇಲೆ ತೀರಿಸುತ್ತೇವೆ. ಇದು ನ್ಯಾಯವೆನಿಸದು.

ಇಷ್ಟೆಲ್ಲ ವಿಚಾರ ಮಾಡಿದ ಮೇಲೆ ನನಗೆ ತೋರಿದ್ದು ಇಷ್ಟು. ಪರಸ್ಥಳದಲ್ಲಿ ನಾವು ಮಾಡುವ ಯಾವುದೇ ಕೆಲಸದ ಮುಂದೆ ಒಂದು ಮಾತು ಕೇಳಿಕೊಳ್ಳಬೇಕು: ನಾನು ಹೊರಟುಹೋದ ಮೇಲೆ ಇದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ? ಅದು ನಮ್ಮ ಕಣ್ಣಿಗೆ ಕಾಣದವನ ಮೇಲೆ ಬೀಳುವುದಾದರೆ, ಹಣ ಎಷ್ಟೇ ಕೊಟ್ಟಿರಲಿ, ಆ ಕೆಲಸ ಮಾಡಬಾರದು. ಅವನು ಕನ್ನಡಿಗನಾದ್ದರಿಂದ ನನ್ನ ಕರುಳು ಚುರುಕ್ ಎಂದಿತು ಎಂಬುದು ನಿಜ. ಅವನು ಒಡಿಶಾದವನೋ ಜಾರ್ಖಂಡದವನೋ ಆಗಿ, ಅವನ ಮಾತು ನನಗೆ ತಿಳಿಯದೆ ಹೋಗಿದ್ದರೆ, ನಾನು ಆ 600 ರೂಪಾಯಿಯನ್ನೂ ಕೊಡದೆ ಗಾಡಿ ಏರುತ್ತಿದ್ದೆನೋ ಏನೋ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಭಾಷೆ ತಿಳಿದದ್ದರಿಂದ ನನಗೆ ತಪ್ಪು ಗೊತ್ತಾಯಿತು. ಭಾಷೆ ತಿಳಿಯದ ಕಡೆಗಳಲ್ಲಿ ಇಂಥ ಎಷ್ಟು ತಪ್ಪುಗಳನ್ನು ಮಾಡಿ ಬಂದಿದ್ದೇನೆಯೋ ಬಲ್ಲವರಾರು?

ಕೊನೆಗೆ ಆ ಲೆಕ್ಕದ ಮಾತು. ಕೊಟ್ಟ 600 ರೂಪಾಯಿಯನ್ನು ಪ್ರವಾಸದ ಖರ್ಚಿಗೆ ಹಾಕಲಿಲ್ಲ, ನನ್ನ ಕೈಯಿಂದಲೇ ಹಾಕಿದೆ. ಆದರೆ ಐದು ಮಂದಿಯ ಎರಡು ದಿನದ 4,000 ರೂಪಾಯಿ ಲಾಡ್ಜಿನವರಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿ ಇದೆ. ಕಳಿಸಿಬಿಡೋಣವೆಂದು ಫೋನು ಕೈಗೆತ್ತಿಕೊಂಡೆ. ಆಗ ಹೊಳೆಯಿತು: ಹದಿನೇಳು ಮಂದಿ ಉಳಿದಿದ್ದೆವೆಂದು ನಾನು ಹೇಳಿದೊಡನೆ, ಮಹಡಿಯ ಹುಡುಗನಿಗೆ ಅದು ಹೇಗೆ ತಿಳಿಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಕೂಡಲೇ ಅವನ ಕೆಲಸಕ್ಕೆ ಕುತ್ತು. ಮೊದಲ ದಿನ ಹೇಳಿದ್ದರೆ ಯಾರಿಗೂ ನೋವಿಲ್ಲದೆ ಮುಗಿಯುತ್ತಿದ್ದ ಸತ್ಯವು ಈಗ ಹೇಳಿದರೆ ಬೇರೊಬ್ಬನ ಅನ್ನ ಕಸಿಯುತ್ತದೆ. ಸಾಲಕ್ಕೆ ವಾಯಿದೆ ಇರುವಂತೆ ಸತ್ಯಕ್ಕೂ ಒಂದು ವಾಯಿದೆ ಇದೆಯೆಂದು ನಾನು ಕಾಲೇಜಿನಲ್ಲಿ ಕಲಿತಿರಲಿಲ್ಲ. ಫೋನು ಕೆಳಗಿಟ್ಟೆ. ಆ ಹಣವನ್ನು ಒಂದು ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿ ಇಟ್ಟಿದ್ದೇನೆ. ಯಾವ ಖಾತೆಗೆ ಬರೆಯಬೇಕೋ ತಿಳಿಯದು. ಪೂಜ್ಯರನ್ನು ಕೇಳಿದೆ. ಅವರೂ ಕೂಡಲೇ ಉತ್ತರ ಕೊಡಲಿಲ್ಲ. ‘ಬರೆಯಿರಿ’ ಎಂದರು, ಅಷ್ಟೇ.

ಬರುವ ಚಳಿಗಾಲದಲ್ಲಿ ಮತ್ತೆ ಪ್ರವಾಸ ಹೊರಡಬೇಕೆಂದು ಭಕ್ತರು ಕೇಳುತ್ತಿದ್ದಾರೆ. ಹೊರಡೋಣ. ಆದರೆ ಬರುವವರೆಲ್ಲರೂ ಹದಿನೈದು ದಿನ ಮೊದಲೇ ಹೆಸರು, ಆಧಾರ್ ನಕಲು ಕಾರ್ಯಾಲಯಕ್ಕೆ ಮುಟ್ಟಿಸಬೇಕು. ಎಷ್ಟು ಮಂದಿ ಇದ್ದೇವೆಯೋ ಅಷ್ಟೇ ಹೆಸರು ಪುಸ್ತಕದಲ್ಲಿ ಬರುತ್ತವೆ, ಅಷ್ಟಕ್ಕೇ ವರ್ಗಣಿ ಕೂಡುತ್ತದೆ. ವರ್ಗಣಿ ತುಸು ಹೆಚ್ಚಾದೀತು. ಟವೆಲ್ ಮಾತ್ರ ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ತರಬೇಕೆಂದು ವಿನಂತಿ.